ಬಾವಿಗೆ ಜೊತೆಗಾರ ಬೇಕಾಗಿದ್ದಾನೆ

ಬೆಳಗಿನ ಹತ್ತು ಗಂಟೆ ನಲವತ್ತು ನಿಮಿಷ. ಸಂಭಾವಿತರೆಲ್ಲ ತಿಂಡಿ ಅರಗಿಸಿಕೊಂಡು ಎರಡನೆಯ ಕಾಫಿಯ ದಾರಿ ಕಾಯುವ ಆ ಪ್ರಶಸ್ತವಾದ ಹೊತ್ತಿನಲ್ಲಿ ನಾನು ಧಾರಾಪುರದ ಹತ್ತಿರದ ಒಂದು ಚೌಕ ಬಾವಿಯೊಳಗೆ, ಇಪ್ಪತ್ತು ಅಡಿ ನೀರಿನ ಕೆಳಗೆ, ಬನಿಯನ್ ಬಟ್ಟೆಯ ನಿಲುವಂಗಿ ತೊಟ್ಟು, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು, ಜೀವನದಲ್ಲಿ ಏನನ್ನೋ ಸಾಧಿಸಿದೆನೆಂಬ ತೃಪ್ತಿಯಿಂದ ತೇಲುತ್ತಿದ್ದೆ. ಗಳಿಗೆಯನ್ನು ಇಷ್ಟು ಖಚಿತವಾಗಿ ಹೇಳಲು ಕಾರಣ, ಆಗಷ್ಟೇ ನಾನು ಗಡಿಯಾರ ನೋಡಿಕೊಂಡಿದ್ದೆ. ನೀರಿನಡಿಯಲ್ಲಿ ಪದೇ ಪದೇ ಗಡಿಯಾರ ನೋಡಿಕೊಳ್ಳುವುದು ಒಳ್ಳೆಯ ಮುಳುಗುಗಾರನ ಶಿಸ್ತು ಎಂದು ನನಗೆ ಕಲಿಸಿದ್ದರು. ಹೊಸ ಗಡಿಯಾರ ಕಟ್ಟಿಕೊಂಡವನ ಚಪಲವೂ ಅದೇ ಆಗಿರುವುದರಿಂದ ಶಿಸ್ತು ನನಗೆ ಕಷ್ಟವಾಗಲಿಲ್ಲ. ನೋಡಿದೆ, ಹತ್ತು ನಲವತ್ತು. ತಲೆಯೆತ್ತಿದೆ. ಎಲ್ಲಿಂದಲೋ ದುಂಬಿಯ ಝೇಂಕಾರದಂಥ ಒಂದು ಸದ್ದು ಕೇಳಿಸಿತು. ನೀರಿನೊಳಗೆ ದುಂಬಿ ಎಲ್ಲಿಂದ ಬಂತು ಎಂದು ಪ್ರಾಣಿಶಾಸ್ತ್ರದವನಾದ ನಾನು ಒಂದು ಕ್ಷಣ ಯೋಚಿಸಿದ್ದು ನನಗೆ ಇವತ್ತಿಗೂ ನಾಚಿಕೆಯ ಸಂಗತಿ.

ಆ ಝೇಂಕಾರದ ಕತೆಗೆ ಬರುವ ಮುನ್ನ, ಕೊಯಮತ್ತೂರಿನಂಥ ಊರಿನಲ್ಲಿದ್ದುಕೊಂಡು ಒಬ್ಬ ಮನುಷ್ಯ ಸ್ಕೂಬಾ ಮುಳುಗುಗಾರನಾಗಬೇಕೆಂದು ಹೊರಡುವುದಾದರೂ ಏಕೆ ಎಂದು ನೀವು ಕೇಳುವುದು ನ್ಯಾಯ. ನಮ್ಮ ಊರಿನಲ್ಲಿ ಗಿರಣಿಗಳುಂಟು, ಪಂಪುಸೆಟ್ಟುಗಳುಂಟು, ಸಿಹಿಯಾದ ಸಿರುವಾಣಿ ನೀರುಂಟು, ಇಲ್ಲದ್ದೆಂದರೆ ಸಮುದ್ರವೊಂದೇ. ಎಂಬತ್ತರ ದಶಕದ ನಡುಭಾಗ. ನಾನು ಅಲ್ಲಿನ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಡೆಮಾನ್‌ಸ್ಟ್ರೇಟರ್. ಕಪ್ಪೆಯನ್ನು ಹಲಗೆಯ ಮೇಲೆ ಮಲಗಿಸಿ ಅದರ ಹೃದಯವನ್ನು ಮಕ್ಕಳಿಗೆ ತೋರಿಸುವುದು ನನ್ನ ವೃತ್ತಿ. ನಮ್ಮದು ತಲೆತಲಾಂತರದಿಂದ ಇಲ್ಲೇ ನೆಲೆಸಿದ ಕನ್ನಡದ ನೇಕಾರ ಮನೆತನ. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಮೈಸೂರಿಗೆ ಎಂ.ಎಸ್ಸಿ. ಓದಲು ಹೋದದ್ದರಿಂದ ನನಗೆ ಕನ್ನಡದ ಅಕ್ಷರ ಬಂತು. ಒಂದು ಬೇಸಿಗೆಯಲ್ಲಿ ಅಧ್ಯಾಪಕರ ತರಬೇತಿಗೆಂದು ತೂತುಕುಡಿಗೆ ಹೋದದ್ದರಿಂದ ಈ ಹುಚ್ಚು ಬಂತು. ಹದಿನೈದು ದಿನದ ಶಿಬಿರ. ಉಳಿದ ಅಧ್ಯಾಪಕರು ಸ್ಪಂಜು, ನಕ್ಷತ್ರಮೀನುಗಳನ್ನು ಸೀಸೆಗೆ ತುಂಬಿಕೊಂಡು ತಮ್ಮ ತಮ್ಮ ಕಾಲೇಜಿಗೆ ಮರಳಿದರು. ನಾನು ಮಾತ್ರ ನೀರಿನ ಕೆಳಗೆ ಮೊದಲ ಸಲ ಉಸಿರೆಳೆದ ಆ ಕ್ಷಣವನ್ನು ತುಂಬಿಕೊಂಡು ಬಂದೆ. ಕಪ್ಪೆಯೂ ಚರ್ಮದ ಮೂಲಕವಷ್ಟೇ ಮಾಡಬಲ್ಲ ಕೆಲಸ ಅದು.

ತರಬೇತುದಾರರು ಹಳೆಯ ನೌಕಾಪಡೆಯವರು. ಬಿಡುವಾದಾಗಲೆಲ್ಲ ಎರಡು ಸೂತ್ರಗಳನ್ನು ಹೇಳುತ್ತಿದ್ದರು. ಮೊದಲನೆಯದು, ಒಬ್ಬನೇ ಮುಳುಗಬೇಡ. ಯಾವಾಗಲೂ ಒಬ್ಬ ಜೊತೆಗಾರನಿರಲಿ. ಎರಡನೆಯದು, ಸಿಲಿಂಡರಿನ ಗಾಳಿ ಕುಡಿದ ಮೇಲೆ ಉಸಿರು ಹಿಡಿದುಕೊಂಡು ಮೇಲಕ್ಕೆ ಬರಬೇಡ. ಇದಕ್ಕೆ ಅವರು ಹಲಗೆಯ ಮೇಲೆ ಒಂದು ಬಲೂನಿನ ಚಿತ್ರ ಬರೆಯುತ್ತಿದ್ದರು: ಆಳದಲ್ಲಿ ಬಲೂನು ಚಿಕ್ಕದು, ಮೇಲೆ ಬಂದಂತೆಲ್ಲ ಹಿಗ್ಗುತ್ತದೆ, ಬಾಯಿ ಕಟ್ಟಿದ್ದರೆ ಒಡೆಯುತ್ತದೆ. ಒಡೆದ ಬಲೂನನ್ನು ಬರೆಯುವಾಗ ಸೀಮೆಸುಣ್ಣವನ್ನು ಹಲಗೆಗೆ ಕುಕ್ಕಿ ಪುಡಿ ಮಾಡುವುದು ಅವರ ಪದ್ಧತಿ. 'ಇದು ನಿಮ್ಮ ಶ್ವಾಸಕೋಶ' ಎನ್ನುತ್ತಿದ್ದರು.

ಹುಚ್ಚು ಬಂದ ಮೇಲೆ ಸಲಕರಣೆ ಬೇಕು. ವೃತ್ತಿ ಬಿಟ್ಟ ಒಬ್ಬ ಶಂಖದ ಮುಳುಗುಗಾರನಿಂದ ಹಳೆಯ ಸಿಲಿಂಡರ್, ಒಂದೇ ಕೊಳವೆಯ ಉಸಿರು ಯಂತ್ರ, ಮುಖಕ್ಕೆ ಗಾಜು, ಕಾಲಿಗೆ ಬಾತುಕೋಳಿಯ ಪಾದದಂಥ ರಬ್ಬರುಗಳನ್ನು ಸಂಪಾದಿಸಿದೆ. ಅಲ್ಲಿಯೇ ಗಾಳಿ ತುಂಬಿಸಿಕೊಂಡು ಕೊಯಮತ್ತೂರಿನ ಬಸ್ಸು ಹತ್ತಿದರೆ, ಕಂಡಕ್ಟರು ಸಿಲಿಂಡರನ್ನು ಬೆರಳಿನಿಂದ ತಟ್ಟಿ ನೋಡಿ, ಒಳಗೆ ಏನಿದೆಯೆಂದು ಕೇಳಿದ. ಗಾಳಿ ಎಂದೆ. 'ಗಾಳಿಯಾ? ಏಕೆ ಸಾರ್, ಕೊಯಮತ್ತೂರಲ್ಲಿ ಗಾಳಿ ಮುಗಿದುಹೋಯಿತಾ?' ಎಂದು ಆತ ತಮಿಳಿನಲ್ಲಿ ಕೂಗಿ ಕೇಳಿದ್ದಕ್ಕೆ ಬಸ್ಸಿಗೆ ಬಸ್ಸೇ ನಕ್ಕಿತು. ಮದುರೆ ದಾಟುವವರೆಗೂ ಯಾರೋ ಒಬ್ಬರು ಹಿಂದಿನ ಸೀಟಿನಿಂದ, 'ಸೆಕೆ ಜಾಸ್ತಿ, ಸಾರ್ ಹತ್ತಿರ ಸ್ವಲ್ಪ ಗಾಳಿ ತಗೊಳ್ಳಿ' ಎನ್ನುತ್ತಲೇ ಇದ್ದರು.

ಇನ್ನು ತೂಕದ ಪಟ್ಟಿ. ನೀರಿನಲ್ಲಿ ಮನುಷ್ಯ ತೇಲುವುದು ಸಹಜ, ಮುಳುಗಲು ಮಾತ್ರ ಪ್ರಯತ್ನ ಬೇಕು. ಅದಕ್ಕೆ ಸೊಂಟಕ್ಕೆ ಸೀಸದ ಗಟ್ಟಿಗಳನ್ನು ಕಟ್ಟಿಕೊಳ್ಳುತ್ತಾರೆ. ನನಗೆ ಸೀಸ ಸಿಗಲಿಲ್ಲ. ನಮ್ಮ ತಂದೆಯ ಹಳೆಯ ಜಕಾರ್ಡ್ ಮಗ್ಗದಲ್ಲಿ, ನೂಲುಗಳನ್ನು ಕೆಳಕ್ಕೆ ಎಳೆದು ಹಿಡಿಯಲು ತೂಗುಬಿಟ್ಟ ಸಣ್ಣ ಸಣ್ಣ ಕಬ್ಬಿಣದ ಕಡ್ಡಿಗಳಿದ್ದವು, ನೂರಾರು. ಅವುಗಳನ್ನು ಬಿಚ್ಚಿ ಒಂದು ಪಟ್ಟಿಗೆ ಹೊಲಿದು ಸೊಂಟಕ್ಕೆ ಸುತ್ತಿಕೊಂಡೆ. ನಡೆದರೆ ಝಣಝಣ ಎನ್ನುತ್ತಿತ್ತು. ತಂದೆಯವರು ನೋಡಿ, 'ಮೂರು ತಲೆಮಾರು ಈ ಕಡ್ಡೀಲಿ ಸೀರೆ ನೇಯ್ತು, ನೀನು ಈಗ ಸಲಂಗೆ ಕಟ್ಟಿ ಆಡು ಮಗನೇ' ಎಂದರು. ಸಲಂಗೆ ಎಂದರೆ ನಮ್ಮ ಕಡೆ ಗೆಜ್ಜೆ.

ಮುಳುಗುವ ಉಡುಪಿನ ವಿಷಯಕ್ಕೆ ಬಂದರೆ ನನ್ನ ಮಾವನವರ ಔದಾರ್ಯವನ್ನು ಸ್ಮರಿಸಬೇಕು. ಅವರದು ತಿರುಪ್ಪೂರಿನಲ್ಲಿ ಬನಿಯನ್ ಹೆಣೆಯುವ ಸಣ್ಣ ಕಾರ್ಖಾನೆ. ರಬ್ಬರಿನ ಉಡುಪು ವಿದೇಶದಿಂದ ಬರಬೇಕು, ನಮಗೆ ನಿಲುಕದು ಎಂದು ನಾನು ಪೇಚಾಡುತ್ತಿದ್ದಾಗ ಅವರು ಗುಂಡು ಹೊಡೆದಂತೆ ಹೇಳಿದರು: 'ಮಾಪಿಳ್ಳೆ, ರಬ್ಬರ್ ಯಾಕೆ? ನಮ್ಮ ಬಟ್ಟೆ ಎಳೆದ್ರೆ ಕೊಯಮತ್ತೂರಿಂದ ಈರೋಡಿಗೆ ಬರ್ತದೆ, ಬಿಟ್ರೆ ತಿರುಗಿ ಬರ್ತದೆ. ಹರಿಯೋ ಮಾತೇ ಇಲ್ಲ.' ಅಳಿಯನನ್ನು ನಮ್ಮಲ್ಲಿ ಮಾಪಿಳ್ಳೆ ಎನ್ನುವುದು ತಮಿಳಿನ ಕೊಡುಗೆ. ಅಳಿಯನ ಮೇಲೆ ಪ್ರಯೋಗ ಮಾಡುವುದು ಮಾತ್ರ ಸಾರ್ವತ್ರಿಕ. ದಪ್ಪ ಬನಿಯನ್ ಬಟ್ಟೆಯನ್ನು ಎರಡು ಪದರ ಮಾಡಿ, ಕುತ್ತಿಗೆಯಿಂದ ಹಿಮ್ಮಡಿಯವರೆಗೆ ಒಂದೇ ತುಂಡಾಗಿ, ಬೆನ್ನಿನ ಮೇಲೆ ಲಾಡಿ ಕಟ್ಟುವಂತೆ, ಎರಡು ಉಡುಪು ಹೊಲಿಸಿಕೊಟ್ಟರು. ಒಂದು ನನಗೆ, ಒಂದು ನನ್ನ ಜೊತೆಗಾರನಿಗೆ. ಜೊತೆಗಾರನೇ ಇರಲಿಲ್ಲ, ಉಡುಪು ಮೊದಲೇ ಬಂತು. ಒದ್ದೆಯಾದಾಗ ಆ ಬಟ್ಟೆ ಏನಾಗುತ್ತದೆಂದು ನಾವಿಬ್ಬರೂ ಪರೀಕ್ಷಿಸಲಿಲ್ಲ. ಒಣಗಿದ್ದಾಗ ಅದು ಅದ್ಭುತವಾಗಿತ್ತು.

ಜೊತೆಗಾರನಿಗಾಗಿ ಕಾಲೇಜಿನ ಅಧ್ಯಾಪಕರ ಕೋಣೆಯಲ್ಲಿ ಒಂದು ಚೀಟಿ ಅಂಟಿಸಿದೆ. ಭೌತಶಾಸ್ತ್ರದ ಒಬ್ಬರು ಬಂದು ಒತ್ತಡದ ಬಗ್ಗೆ ಅರ್ಧ ಗಂಟೆ ಮಾತನಾಡಿ, ತಮಗೆ ಈಜು ಬರುವುದಿಲ್ಲವೆಂದು ಕೊನೆಗೆ ತಿಳಿಸಿದರು. ನನ್ನ ಹೆಂಡತಿ ಸರೋಜಳನ್ನು ಕೇಳಿದೆ. 'ಸಪ್ತಪದಿ ತುಳಿದಿದ್ದು ನೆಲದ ಮೇಲೆ. ನೀರಿನ ಕೆಳಗೆ ಬರ್ತೀನಿ ಅಂತ ಯಾರೂ ಮಂತ್ರ ಹೇಳಲಿಲ್ಲ' ಎಂದಳು. ಹೀಗೆ ಮೂರು ತಿಂಗಳು ಸಿಲಿಂಡರ್ ನಮ್ಮ ನಡುಮನೆಯ ಮೂಲೆಯಲ್ಲಿ ನಿಂತಿತ್ತು. ಬಂದ ನೆಂಟರೆಲ್ಲ ಯಾರಿಗೆ ಕಾಯಿಲೆ ಎಂದು ತಗ್ಗಿದ ದನಿಯಲ್ಲಿ ವಿಚಾರಿಸುತ್ತಿದ್ದರು.

ಕೊನೆಗೆ ಜೊತೆಗಾರ ಸಿಕ್ಕಿದ. ಧಾರಾಪುರದ ಕಡೆಯ ನನ್ನ ವಿದ್ಯಾರ್ಥಿಯೊಬ್ಬನ ತಂದೆ ತಿಮ್ಮಣ್ಣನವರು ಕಾಲೇಜಿಗೆ ಬಂದಾಗ ನನ್ನ ಗೋಳು ಕೇಳಿ, 'ನಮ್ಮ ರಂಗಸಾಮಿ ಇದ್ದಾನಲ್ಲ!' ಎಂದರು. ರಂಗಸಾಮಿ ಆ ಸುತ್ತಿನ ಬಾವಿಗಳ ವೈದ್ಯ. ಮೋಟಾರಿನ ಕೊಳವೆ ಬಾವಿಯ ತಳ ಮುಟ್ಟುವಲ್ಲಿ ಫುಟ್‌ವಾಲ್ವ್ ಎಂಬುದಿರುತ್ತದೆ. ತೂತುಗಳ ಒಂದು ಕಬ್ಬಿಣದ ಬುಟ್ಟಿ, ಅದರ ಮೂಲಕ ಮೋಟಾರು ನೀರು ಹೀರುತ್ತದೆ. ಅದಕ್ಕೆ ಕಸ ಸಿಕ್ಕಿಕೊಂಡರೆ ಬರಿಮೈಯಲ್ಲಿ, ಒಂದೇ ಉಸಿರಿನಲ್ಲಿ ಇಳಿದು ಬಿಡಿಸಿ ಬರುವವನು ಅವನು. ಐವತ್ತರ ಆಸುಪಾಸು, ಒಣಗಿದ ಹುಣಸೆಕೊಂಬೆಯಂಥ ದೇಹ. ಅವನ ಮನೆಯಲ್ಲೂ ಕನ್ನಡವೇ.

ನನ್ನ ಸಲಕರಣೆಗಳನ್ನು ಬಾವಿಯ ಕಟ್ಟೆಯ ಮೇಲೆ ಹರಡಿದಾಗ ಅವನು ಸುತ್ತಲೂ ಒಂದು ಪ್ರದಕ್ಷಿಣೆ ಹಾಕಿದ.

'ಆಸ್ಪತ್ರೇಲಿ ಸಾಯೋವ್ರಿಗೆ ಇಕ್ಕೋ ಸಾಮಾನು ಮಾದಿರಿ ಅದೆ ಸಾರ್' ಎಂದ.

ಇದರ ಸಹಾಯದಿಂದ ಮುಕ್ಕಾಲು ಗಂಟೆ ನೀರಿನ ಕೆಳಗೆ ಇರಬಹುದು ಎಂದು ವಿವರಿಸಿದೆ.

'ಮುಕ್ಕಾಲು ಗಂಟೆ ಅಲ್ಲೇನು ಕೆಲಸ?' ಎಂದು ಕೇಳಿದ.

ಉಸಿರಿನ ಕೊಳವೆಯನ್ನು ಬಾಯಿಗೆ ಇಟ್ಟು ನೋಡು ಎಂದರೆ ಒಪ್ಪಲಿಲ್ಲ. 'ನೀರೊಳಗೆ ಬಾಯಿ ತೆಗೀಬಾರದು ಅಂತ ನಮ್ಮಪ್ಪ ಹೇಳಿಕೊಟ್ಟದ್ದು. ಹನ್ನೆರಡು ವಯಸ್ಸಿಂದ ತೆಗ್ದಿಲ್ಲ. ಮೂಚ್ಚು ಹಿಡಿ, ಕೆಲಸ ಮುಗ್ಸು, ಮೇಲಕ್ಕೆ ಬಾ. ಅಷ್ಟೇ ಶಾಸ್ತ್ರ.' ಮೂಚ್ಚು ಎಂದರೆ ಉಸಿರು. ಎರಡು ಶಾಸ್ತ್ರಗಳು ಪರಸ್ಪರ ವಿರುದ್ಧವಾಗಿವೆಯೆಂದು ನನಗೆ ಆಗಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಜೊತೆಗಾರ ಸಿಕ್ಕಿದ ಸಂಭ್ರಮದಲ್ಲಿದ್ದ ನಾನು ಒಂದೇ ಒಂದು ವಿಷಯದಲ್ಲಿ ಹಟ ಹಿಡಿದೆ: ಇಬ್ಬರೂ ಒಂದೇ ಉಡುಪಿನಲ್ಲಿರಬೇಕು. ಪುಸ್ತಕದ ಚಿತ್ರಗಳಲ್ಲಿ ಹಾಗಿತ್ತು. ಲಂಗೋಟಿಯ ಹೊರತು ಬೇರೇನನ್ನೂ ಬಾವಿಗೆ ತೊಟ್ಟು ಇಳಿಯದ ಮನುಷ್ಯನಿಗೆ ನಾನು ಮಾವನವರ ಬನಿಯನ್ ಉಡುಪು ತೊಡಿಸಿ, ಬೆನ್ನಿನ ಲಾಡಿಯನ್ನು ನಾನೇ ಎರಡು ಗಂಟು ಹಾಕಿ ಬಿಗಿದೆ. ಮುಂದೆ ನನ್ನ ನಿದ್ದೆ ಕೆಡಿಸಿದ್ದು ಬೇರೆ ಯಾವುದೂ ಅಲ್ಲ, ಆ ಎರಡು ಗಂಟು.

ಇನ್ನು ಬಾವಿಯ ವಿಚಾರ. ಅದು ತಿಮ್ಮಣ್ಣನವರಿಗೂ ಅವರ ತಮ್ಮ ನಂಜಪ್ಪನವರಿಗೂ ಸಮಪಾಲಿನದು. ನೀರು ಒಂದೇ, ಮೋಟಾರು ಎರಡು. ಪೂರ್ವದ ದಡದಲ್ಲಿ ಅಣ್ಣನ ಮೋಟಾರ್ ಮನೆ, ಪಶ್ಚಿಮದ ದಡದಲ್ಲಿ ತಮ್ಮನದು. ದಿನ ಬಿಟ್ಟು ದಿನ ಸರದಿ. ಎಂಟು ವರ್ಷಗಳಿಂದ ಇಬ್ಬರಿಗೂ ಮಾತಿಲ್ಲ. ಕಾರಣ ಕೇಳಿದರೆ ಇಬ್ಬರೂ 'ಅವನನ್ನೇ ಕೇಳಿ' ಎನ್ನುತ್ತಿದ್ದರು. ಆದರೆ ಒಂದೇ ಬಾವಿಯ ಇಬ್ಬರು ಯಜಮಾನರು ಏನನ್ನೂ ಹೇಳಿಕೊಳ್ಳದೆ ಬೇಸಾಯ ಮಾಡುವುದು ಅಸಾಧ್ಯವಾದ್ದರಿಂದ ಅವರು ಒಂದು ಸುಂದರವಾದ ಪದ್ಧತಿ ಕಂಡುಕೊಂಡಿದ್ದರು. ಇಬ್ಬರ ನಡುವಿನ ಗಡಿಯಲ್ಲಿ ಒಂದು ಹುಣಸೆಮರ, ಅದರ ಕೆಳಗೆ ಒಂದು ಜೊತೆ ಎತ್ತು. ಒಂದು ಅಣ್ಣನದು, ಒಂದು ತಮ್ಮನದು, ಆದರೆ ನೊಗ ಒಂದೇ ಆದ್ದರಿಂದ ಬೇರೆ ಮಾಡಲಾಗಿರಲಿಲ್ಲ. ತಮ್ಮನಿಗೆ ಏನಾದರೂ ತಿಳಿಸಬೇಕಾದರೆ ಅಣ್ಣ ಎತ್ತಿನ ಮುಂದೆ ನಿಂತು, ತಮ್ಮನಿಗೆ ಕೇಳುವಷ್ಟು ಗಟ್ಟಿಯಾಗಿ, 'ಏ ಬೆಳ್ಳಾ, ನಾಳೆ ವಾಯ್ಕಾಲು ಕಟ್ಟೆ ಒಡೀತದೆ, ನೋಡ್ಕೋ' ಎಂದು ಕಾಲುವೆಯ ಸುದ್ದಿ ತಿಳಿಸುವರು. ತಮ್ಮ ಸ್ವಲ್ಪ ಹೊತ್ತು ಬಿಟ್ಟು ಬಂದು ಅದೇ ಎತ್ತಿನ ಬೆನ್ನು ಸವರಿ, 'ನೋಡ್ಕೊಂಡಾಯ್ತು ಬೆಳ್ಳಾ' ಎನ್ನುವರು. ಎಂಟು ವರ್ಷ ಎರಡು ಸಂಸಾರದ ಮದುವೆ, ಬಿತ್ತನೆ, ಬೈಗುಳಗಳೆಲ್ಲ ಆ ಎತ್ತಿನ ಮೂಲಕವೇ ನಡೆದಿದ್ದವು. ಅಂಥ ಸಹನೆಯ ಪ್ರಾಣಿ ನನ್ನ ಶಾಸ್ತ್ರದ ಪುಸ್ತಕಗಳಲ್ಲಿ ಎಲ್ಲೂ ಇಲ್ಲ.

ಆ ದಿನ ಸರದಿ ತಮ್ಮನದು. ಕರೆಂಟು ಬರಬೇಕಾದದ್ದು ಮಧ್ಯಾಹ್ನ ಹನ್ನೆರಡಕ್ಕೆ. ಆ ಕಾಲದಲ್ಲಿ ಕರೆಂಟು ಬಂದಾಗ ಹೊಲದ ಯಾವ ಮೂಲೆಯಲ್ಲಿದ್ದರೂ ಓಡಿಬಂದು ಮೋಟಾರು ಹಾಕುವುದು ತಾಪತ್ರಯವೆಂದು ಎಲ್ಲರೂ ಸ್ಟಾರ್ಟರಿನ ಗುಂಡಿಯನ್ನು ಒತ್ತಿಹಿಡಿದು ಹಗ್ಗದ ತುಂಡಿನಿಂದ ಕಟ್ಟಿಬಿಡುತ್ತಿದ್ದರು. ಕರೆಂಟು ಬಂದರೆ ಮೋಟಾರು ತಾನೇ ಎದ್ದು ಕೆಲಸಕ್ಕೆ ಹೋಗುತ್ತಿತ್ತು. ನಂಜಪ್ಪನವರೂ ಕಟ್ಟಿ, ಆಚೆಯ ಅರಿಶಿನದ ಹೊಲಕ್ಕೆ ಹೋಗಿದ್ದರು. ರಂಗಸಾಮಿ ಇಳಿಯುವ ಮುನ್ನ ತಪ್ಪದೆ ಕೇಳಿದ:

'ಅಣ್ಣೋ, ಫ್ಯೂಸು?'

ತಿಮ್ಮಣ್ಣನವರು ಸ್ವಂತ ಮೋಟಾರಿನಿಂದ ಕಿತ್ತಿಟ್ಟಿದ್ದ ಫ್ಯೂಸುಗಳನ್ನು ಜೇಬಿನಿಂದ ತೆಗೆದು ತೋರಿಸಿದರು.

'ಅತ್ಲಾಗಿಂದು?'

'ಹೇಳ್ತೀನಿ, ನೀನು ಇಳಿ' ಎಂದು ತಿಮ್ಮಣ್ಣನವರು ಹುಣಸೆಮರದ ಕಡೆ ಹೋದರು. ಎತ್ತುಗಳು ಇರಲಿಲ್ಲ. ಅವುಗಳನ್ನು ಆಳು ಲಾಳ ಕಟ್ಟಿಸಲು ಧಾರಾಪುರಕ್ಕೆ ಹೊಡೆದುಕೊಂಡು ಹೋಗಿದ್ದ. ಹನ್ನೊಂದಕ್ಕೆ ಬರುತ್ತವೆ, ಕರೆಂಟು ಹನ್ನೆರಡಕ್ಕೆ, ಅವಸರವೇನು, ಬಂದ ಮೇಲೆ ಹೇಳಿದರಾಯಿತು ಎಂದುಕೊಂಡು ಅವರು ನೆರಳಿನಲ್ಲಿ ಕುಳಿತು ಎಲೆಯಡಿಕೆ ಹಾಕಿಕೊಂಡರು. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆಗ ನಾನು ಝಣಝಣಿಸುತ್ತ ಕಲ್ಲಿನ ಮೆಟ್ಟಿಲಿಳಿದು ನೀರು ಸೇರಿದ್ದೆ.

ಕೆಳಗೆ ಹಸಿರು ಬೆಳಕು. ರಂಗಸಾಮಿ ಒಂದೊಂದು ಉಸಿರಿಗೆ ಇಳಿದು, ಏನಾದರೂ ತೋರಿಸಿ, ಮೇಲೆ ಹೋಗಿ ಮತ್ತೆ ಬರುತ್ತಿದ್ದ. ಮೊದಲ ಸಲವೇ ಬನಿಯನ್ನಿನ ನಿಜಗುಣ ತಿಳಿಯಿತು. ನೀರು ಕುಡಿದ ಬಟ್ಟೆ ಜೋತುಬಿದ್ದು, ಅವನ ಉಡುಪಿನ ತೋಳುಗಳು ಬೆರಳ ತುದಿಯಿಂದ ಒಂದು ಮೊಳ ಮುಂದಕ್ಕೆ ಬೆಳೆದಿದ್ದವು. ಯಕ್ಷನೊಬ್ಬ ನೃತ್ಯ ಮಾಡಿದಂತೆ ಕಾಣುತ್ತಿದ್ದ. ನಾನು ನಕ್ಕು ಮುಖದ ಗಾಜಿನೊಳಗೆ ನೀರು ತುಂಬಿಸಿಕೊಂಡೆ. ಮೂರನೆಯ ಸಲ ಅವನು ತಮ್ಮನ ಫುಟ್‌ವಾಲ್ವಿನ ಹತ್ತಿರ ಹೋಗಿ, ಅದಕ್ಕೆ ಸುತ್ತಿದ್ದ ಪಾಚಿಯನ್ನು ಕೈಚಾಚಿ ತೋರಿಸಿದ. ನಾನು ಗಡಿಯಾರ ನೋಡಿದೆ.

ಝೇಂಕಾರ ಎದ್ದಿತು. ಪಾಚಿ ಮಾಯವಾಯಿತು. ಅದರ ಹಿಂದೆಯೇ ರಂಗಸಾಮಿಯ ಉಡುಪಿನ ತೋಳಿನ ಉದ್ದನೆಯ ತುದಿ ಆ ಕಬ್ಬಿಣದ ಬುಟ್ಟಿಯ ತೂತುಗಳೊಳಗೆ ಸರ್ರನೆ ಸೇರಿಕೊಂಡಿತು.

ಅವನು ಗಾಬರಿಯಾಗಲಿಲ್ಲ. ಅದೇ ನನಗೆ ಹೆಚ್ಚು ಭಯ ಹುಟ್ಟಿಸಿದ್ದು. ಒಮ್ಮೆ ಎಳೆದ, ಬಟ್ಟೆ ಹಿಗ್ಗಿತು. ಎರಡೂ ಕಾಲನ್ನು ಗೋಡೆಗೆ ಒದ್ದು ಎಳೆದ, ಇನ್ನೂ ಹಿಗ್ಗಿತು. ಹರಿಯಲಿಲ್ಲ. ಮಾವನವರು ಹೇಳಿದ್ದು ಅಕ್ಷರಶಃ ನಿಜ. ಉಡುಪಿನಿಂದ ನುಸುಳಿ ಹೊರಬರಲು ಬೆನ್ನಿಗೆ ಕೈ ಹಾಕಿದ. ಅಲ್ಲಿ ನನ್ನ ಎರಡು ಗಂಟು. ನಾನು ಅವನ ಹಿಂದೆ ಹೋಗಿ ಗಂಟಿಗೆ ಕೈಹಾಕಿದೆ. ಒದ್ದೆಯಾದ ಲಾಡಿ ಕಲ್ಲಾಗಿತ್ತು. ಚಾಕು ಇಟ್ಟುಕೊಳ್ಳಬೇಕೆಂದು ಕಲಿಸಿದ್ದರು. ಚಾಕು ಮನೆಯಲ್ಲಿ ಸರೋಜಳ ತರಕಾರಿ ಬುಟ್ಟಿಯಲ್ಲಿತ್ತು. ಅವನು ಇಳಿದು ಒಂದು ನಿಮಿಷದ ಮೇಲಾಗಿತ್ತು. ಅವನ ಹೊಟ್ಟೆ ಒಳಕ್ಕೆ ಸೆಳೆದು ಸೆಳೆದು ಬಿಡುತ್ತಿತ್ತು, ಉಸಿರಿಗಾಗಿ ದೇಹ ಬಾಗಿಲು ಬಡಿಯುವಂತೆ.

ನನ್ನ ಬಾಯಿಯ ಕೊಳವೆಯನ್ನು ತೆಗೆದು ಅವನ ಬಾಯಿಗೆ ಹಿಡಿದೆ. ಅವನು ತುಟಿ ಬಿಗಿದು ತಲೆಯಾಡಿಸಿದ. ಪ್ರಾಣ ಹೋಗುವ ಹೊತ್ತಿನಲ್ಲಿ, ಇಪ್ಪತ್ತು ಅಡಿ ನೀರಿನ ಕೆಳಗೆ, ಅಪ್ಪ ಹೇಳಿದ ಮಾತನ್ನು ಮೀರುವುದಿಲ್ಲವೆಂದು ಹಟ ಹಿಡಿದು ನಿಂತ ಒಬ್ಬ ಐವತ್ತು ವರ್ಷದ ಮಗನನ್ನು ನಾನು ಕಂಡೆ. ಮತ್ತೆ ಹಿಡಿದೆ. ಮತ್ತೆ ತಲೆಯಾಡಿಸಿದ. ಮೂರನೆಯ ಸಲ ಅವನ ಮೂಗು ಹಿಡಿದು, ಮೊಂಡು ಮಗುವಿಗೆ ಹರಳೆಣ್ಣೆ ಕುಡಿಸುವ ತಾಯಂದಿರ ಕ್ರಮದಲ್ಲಿ, ಕೊಳವೆಯನ್ನು ತುಟಿಗಳ ನಡುವೆ ತುರುಕಿ ಗಾಳಿ ಬಿಡುವ ಗುಂಡಿ ಒತ್ತಿದೆ. ಗಾಳಿ ನುಗ್ಗಿತು. ಅವನ ಕಣ್ಣು ಅಗಲವಾಯಿತು. ಎಳೆದ. ಮತ್ತೆ ಎಳೆದ. ಮತ್ತೆ.

ಎರಡು ಉಸಿರು ನಿನಗೆ, ಎರಡು ಉಸಿರು ನನಗೆ ಎಂಬುದು ಹಂಚಿಕೊಳ್ಳುವ ಕ್ರಮ. ರಂಗಸಾಮಿಗೆ ಅದನ್ನು ಯಾರೂ ಹೇಳಿರಲಿಲ್ಲ. ಅವನು ಹಿಂತಿರುಗಿಸುವ ಲಕ್ಷಣವೇ ಕಾಣಲಿಲ್ಲ. ಕಣ್ಣು ಅರೆಮುಚ್ಚಿ, ಹುಕ್ಕಾ ಸೇದುವ ಜಮೀನುದಾರನ ಗಾಂಭೀರ್ಯದಲ್ಲಿ ಎಳೆಯುತ್ತಲೇ ಇದ್ದ. ಈಗ ಹೊಟ್ಟೆ ಸೆಳೆಯುವ ಸರದಿ ನನ್ನದು. ಜೊತೆಗಾರ ಬೇಕೆಂದು ಮೂರು ತಿಂಗಳು ಹುಡುಕಿದವನು ಅವನ ಬಾಯಿಂದ ಕೊಳವೆ ಕಿತ್ತುಕೊಂಡೆ. ಅವನು ಕಿತ್ತುಕೊಂಡ. ಹೀಗೆ ನಾಲ್ಕಾರು ಸಲ ಕಿತ್ತಾಡಿದ ಮೇಲೆ, ಇಬ್ಬರು ಸೋದರರು ಒಂದೇ ಬಾವಿಯ ನೀರು ಹಂಚಿಕೊಂಡಂತೆ, ನಮ್ಮಲ್ಲೂ ಒಂದು ಸರದಿ ಏರ್ಪಟ್ಟಿತು.

ಅಷ್ಟರಲ್ಲಿ ಮೇಲೆ ನಡೆದದ್ದು ಇದು. ಹನ್ನೆರಡಕ್ಕೆ ಬರಬೇಕಾದ ಕರೆಂಟು ಅಂದು ಹತ್ತು ನಲವತ್ತಕ್ಕೇ ಬಂದುಬಿಟ್ಟಿತ್ತು. ತಮ್ಮನ ಮೋಟಾರಿನ ಸದ್ದು ಕೇಳಿ ತಿಮ್ಮಣ್ಣನವರು ಎಲೆಯಡಿಕೆ ಉಗುಳಿ ಎದ್ದರು. ತಮ್ಮನ ಮೋಟಾರ್ ಮನೆಗೆ ಓಡಿದರು. ಬೀಗ ಹಾಕಿತ್ತು, ಅಣ್ಣನ ಭಯದಿಂದಲೇ ಹಾಕಿದ ಬೀಗ. ಹುಣಸೆಮರದ ಕಡೆ ನೋಡಿದರು, ಎತ್ತಿಲ್ಲ. ಎಂಟು ವರ್ಷ ಹೊಲಿದ ಬಾಯಿಯನ್ನು ಹರಿದುಕೊಂಡು, 'ನಂಜಾ! ಲೋ ನಂಜಾ! ತಮ್ಮಾ!' ಎಂದು ಕೂಗಿದರು.

ನಂಜಪ್ಪನವರು ಆಮೇಲೆ ನನಗೆ ಹೇಳಿದ್ದು ಹೀಗೆ: 'ಅಣ್ಣ ನನ್ನ ಹೆಸರು ಹಿಡಿದು ಕೂಗಿದ್ರಲ್ಲ ಸಾರ್, ಅವ್ವ ಹೋಗ್ಬಿಟ್ಳು ಅಂದ್ಕೊಂಡೆ. ಅದಕ್ಕೆ ಕಮ್ಮಿ ವಿಷಯಕ್ಕೆ ಅವರು ಕೂಗೋದಿಲ್ಲ.' ಅಳುತ್ತಲೇ ಓಡಿಬಂದು, ಅಳುತ್ತಲೇ ಬೀಗ ತೆಗೆದು, ಹಗ್ಗ ಕಿತ್ತರು.

ಝೇಂಕಾರ ನಿಂತಿತು. ಬಟ್ಟೆಯ ತೋಳು ಸಡಿಲವಾಗಿ ಬುಟ್ಟಿಯಿಂದ ಹೊರಬಂತು. ನಾನು ಕೊಳವೆಯನ್ನು ಬಾಯಿಗಿಟ್ಟುಕೊಂಡು ದೇವರನ್ನು ನೆನೆಯುವಷ್ಟರಲ್ಲಿ, ರಂಗಸಾಮಿ ಕೊನೆಯದಾಗಿ ಎಳೆದ ಉಸಿರನ್ನು ಎದೆ ತುಂಬ ಹಿಡಿದು, ತುಟಿ ಬಿಗಿದು, ಕೆನ್ನೆ ಉಬ್ಬಿಸಿ, ಬಾಣದಂತೆ ಮೇಲಕ್ಕೆ ಹೊರಟ.

ಹನ್ನೆರಡನೆಯ ವಯಸ್ಸಿನಿಂದ ಅವನ ಪ್ರಾಣ ಕಾಪಾಡಿದ ಶಾಸ್ತ್ರ ಅದು. ಬರಿಮೈಯಲ್ಲಿ ಇಳಿದವನು ಮೇಲಿನಿಂದ ತಂದ ಉಸಿರನ್ನು ಹಾಗೆಯೇ ಹಿಡಿದು ಮೇಲೆ ಹೋದರೆ ಏನೂ ಆಗದು. ಆದರೆ ಈಗ ಅವನ ಎದೆಯಲ್ಲಿದ್ದದ್ದು ಆಳದಲ್ಲಿ ತುಂಬಿದ ಗಾಳಿ. ನನಗೆ ಕಂಡದ್ದು ರಂಗಸಾಮಿಯಲ್ಲ. ಹಲಗೆಯ ಮೇಲೆ ಸೀಮೆಸುಣ್ಣದ ಬಲೂನು. ನಾನು ಅವನ ಕಾಲು ಹಿಡಿದೆ. ಒದ್ದ. ಸೊಂಟ ಹಿಡಿದೆ. ಬಿಡಿಸಿಕೊಳ್ಳಲು ನೋಡಿದ. ಬಾಯಿ ತೆರೆ ಎಂದು ಕೈಸನ್ನೆ ಮಾಡಿದರೆ ಇನ್ನಷ್ಟು ಬಿಗಿದ. ಆಗ ನಾನು, ಇರುವೆಯನ್ನೂ ಅಳೆದು ತೂಗಿ ತುಳಿಯುವ, ಕಪ್ಪೆಗೂ ಮೊದಲು ಮೂರ್ಛೆ ಮಾಡಿಸಿ ಆಮೇಲೆ ಕತ್ತರಿ ಹಾಕುವ ನಾನು, ತಂದೆಯ ವಯಸ್ಸಿಗೆ ಹತ್ತಿರದ ಆ ಮನುಷ್ಯನ ಹೊಟ್ಟೆಗೆ ಮುಷ್ಟಿ ಕಟ್ಟಿ ಗುದ್ದಿದೆ. ಒಂದು ಗುದ್ದಿಗೆ ಆಗಲಿಲ್ಲ. ಎರಡನೆಯದಕ್ಕೆ ಬಾಯಿ ತೆರೆಯಿತು. ಗೋಲಿಸೋಡ ಒಡೆದಂತೆ ಗುಳ್ಳೆಗಳು ಭರ್ರನೆ ಹೊರಟವು. ಮೇಲೆ ಬರುವವರೆಗೂ ಗುದ್ದುತ್ತಲೇ ಇದ್ದೆ.

ನೀರಿನಿಂದ ತಲೆ ಹೊರಗಿಟ್ಟ ರಂಗಸಾಮಿ ಕೆಮ್ಮಿ, ಉಗುಳಿ, ಉಸಿರೆಳೆದು, ಮೊದಲ ಮಾತಾಗಿ ಕೇಳಿದ್ದು: 'ಯಾಕ್ ಸಾರ್ ಹೊಡೆದ್ರಿ? ಗಾಳಿ ಜಾಸ್ತಿ ಕುಡಿದೆ ಅಂತಾನಾ?'

ದಡದಲ್ಲಿದ್ದ ತಿಮ್ಮಣ್ಣನವರು ಕಂಡದ್ದು, ಮುಳುಗುತ್ತಿದ್ದ ಬಡವನನ್ನು ಕಾಲೇಜಿನ ಮೇಷ್ಟ್ರು ನೀರಿನೊಳಗೆ ಹಿಡಿದು ಬಡಿಯುತ್ತಿರುವ ದೃಶ್ಯ. ಆ ಸುತ್ತಿನಲ್ಲಿ ನನ್ನ ಖ್ಯಾತಿ ಇಂದಿಗೂ ಅದೇ. ನಾನು ಮೆಟ್ಟಿಲ ಮೇಲೆ ಕುಳಿತು ಬಲೂನಿನ ಶಾಸ್ತ್ರ ಹೇಳಲು ಹೋದರೆ ಕೇಳುವವರೇ ಇರಲಿಲ್ಲ. ಅಣ್ಣತಮ್ಮಂದಿರಿಬ್ಬರೂ ಬಾವಿಯ ಎರಡು ದಡದಲ್ಲಿ ನಿಂತು ಜಗಳ ಹಿಡಿದಿದ್ದರು. 'ಬೀಗ ಯಾಕ್ ಹಾಕ್ದೆ?' 'ನೀನ್ಯಾಕ್ ಹೇಳ್ಲಿಲ್ಲ?' 'ಎತ್ತು ಇರ್ಲಿಲ್ವಲ್ಲೋ!' 'ಬಾಯಿ ಇತ್ತಲ್ಲ!' ಎಂಟು ವರ್ಷದ ಬಾಕಿ ಬೈಗುಳಗಳು ನೇರವಾಗಿ, ಮಧ್ಯವರ್ತಿಯಿಲ್ಲದೆ, ಒಂದು ಗಂಟೆ ಹರಿದವು. ಹೊಸ ಲಾಳ ಕಟ್ಟಿಸಿಕೊಂಡು ಹನ್ನೊಂದೂವರೆಗೆ ಬಂದ ಎತ್ತುಗಳು ಕೆಲಸ ಕಳೆದುಕೊಂಡ ನೌಕರರಂತೆ ಮರದ ಕೆಳಗೆ ನಿಂತು ಕೇಳಿದವು.

ಇದು ಹಾಸ್ಯವಾಗಿ ಕಾಣುವುದು ಈಗ. ಆಮೇಲಿನ ದಿನಗಳಲ್ಲಿ ನನಗೆ ನಗು ಬರಲಿಲ್ಲ, ನಿದ್ದೆಯೂ ಬರಲಿಲ್ಲ. ಕಣ್ಣು ಮುಚ್ಚಿದರೆ ಆ ಬಟ್ಟೆ ಹಿಗ್ಗುತ್ತಿತ್ತು. ಮತ್ತೆ ಮೊದಲಿನಿಂದ ಲೆಕ್ಕ ಹಾಕುತ್ತಿದ್ದೆ: ಉಡುಪು ತೊಡಿಸದಿದ್ದರೆ, ಒಂದೇ ಗಂಟು ಹಾಕಿದ್ದರೆ, ಚಾಕು ತಂದಿದ್ದರೆ. ಸರೋಜಳ ಪ್ರಕಾರ ನಾನು ಮಲಗಿದಲ್ಲೇ ತುಟಿ ಮುಂದೆ ಮಾಡಿ ದೀಪ ಆರಿಸುವವನಂತೆ ಉಫ್ ಉಫ್ ಎಂದು ಊದುತ್ತಿದ್ದೆನಂತೆ. 'ಹುಟ್ಟುಹಬ್ಬ ಯಾರದು?' ಎಂದು ಮೊದಲು ತಮಾಷೆ ಮಾಡಿದವಳು, ಎರಡು ವಾರದ ಮೇಲೆ ತಮಾಷೆ ಬಿಟ್ಟು ಬೆನ್ನು ಸವರತೊಡಗಿದಳು.

ಅದಕ್ಕಿಂತ ಕೆಟ್ಟ ಸುದ್ದಿ ತಿಮ್ಮಣ್ಣನವರ ಮಗನಿಂದ ಬಂತು. ರಂಗಸಾಮಿ ಬಾವಿಗೆ ಇಳಿಯುವುದನ್ನು ಬಿಟ್ಟಿದ್ದಾನೆ. ಯಾರು ಕರೆದರೂ ಮಂಡಿನೋವು ಎನ್ನುತ್ತಾನೆ. ಟೀ ಅಂಗಡಿಯ ಬೆಂಚಿನ ಮೇಲೆ ಕುಳಿತಿರುತ್ತಾನೆ. ಒಬ್ಬ ಮನುಷ್ಯನ ಜೀವವನ್ನು ಮೇಲೆ ತಂದು ಜೀವನವನ್ನು ಕೆಳಗೇ ಬಿಟ್ಟುಬಂದೆನಲ್ಲ ಎಂದುಕೊಂಡೆ. ಸಿಲಿಂಡರನ್ನು ಅಟ್ಟಕ್ಕೆ ಹಾಕಿದೆ. ಬನಿಯನ್ ಉಡುಪುಗಳಿಂದ ಸರೋಜ ನೆಲ ಒರೆಸುವ ಬಟ್ಟೆ ಮಾಡಿದಳು. ಅಲ್ಲಿಯೂ ಅವು ಹರಿಯಲಿಲ್ಲ.

ಒಂದೂವರೆ ತಿಂಗಳಾಗಿತ್ತು. ಗುರುವಾರ ಬೆಳಿಗ್ಗೆ ಕಾಲೇಜಿನ ಗೇಟಿನಲ್ಲಿ ರಂಗಸಾಮಿ ನಿಂತಿದ್ದ. ಒಗೆದ ಬಿಳಿಯ ವೇಷ್ಟಿ, ಹೆಗಲ ಮೇಲೆ ಟವಲು. ನಾನು ಹೊಡೆದ ಜಾಗಕ್ಕೆ ಕೈ ಇಟ್ಟುಕೊಂಡಿದ್ದ, ಅಥವಾ ನನಗೆ ಹಾಗೆ ಕಂಡಿತು.

'ಪಲ್ಲಡದ ಹತ್ರ ಒಂದು ಬಾವಿ ಸಾರ್. ಫುಟ್‌ವಾಲ್ವ್ ಸಿಕ್ಕ್ಹಾಕ್ಕೊಂಡದೆ. ಬತ್ತೀರಾ?'

ನನ್ನ ಬಳಿ ಸಲಕರಣೆ ಇಲ್ಲ, ಎಲ್ಲ ಬಿಟ್ಟೆ ಎಂದೆ.

'ಅಯ್ಯೋ, ಆ ಸನಿಯನ್ನ ಯಾರು ಕೇಳಿದ್ರು? ನೀವು ಸುಮ್ಮಾ ಮೇಲೆ ಕೂತಿರಿ.'

'ಕೂತು ಏನು ಮಾಡಲಿ?'

'ಇಳಿಯೋವಾಗ ಯಾರಾದ್ರೂ ನೋಡ್ತಾ ಇದ್ರೆ ಧೈರ್ಯ ಸಾರ್' ಎಂದು ಅವನು ಕಾಲೇಜಿನ ಹುಣಸೆಮರವನ್ನು ನೋಡುತ್ತ ಹೇಳಿದ. 'ಬೇರೆಯೋರು ಬೀಡಿ ಹಚ್ಕೊಂಡು ಮರ್ತುಬಿಡ್ತಾರೆ. ನೀವು ಮರೆಯೋ ಆಳಲ್ಲ. ನಿದ್ದೆನೇ ಮಾಡ್ತಿಲ್ವಂತೆ.'

ಅರ್ಧ ದಿನದ ರಜೆ ಬರೆದುಕೊಟ್ಟು ಅವನೊಡನೆ ಬಸ್ಸು ಹತ್ತಿದೆ. ಬಾವಿಯ ಯಜಮಾನನನ್ನು ನಾನು ಪ್ರಶ್ನೆ ಕೇಳಿ ಕೇಳಿ ಸಾಕು ಮಾಡಿದೆ: ಮೋಟಾರು ಎಷ್ಟು, ಪಾಲುದಾರರು ಎಷ್ಟು ಜನ, ಪರಸ್ಪರ ಮಾತಿದೆಯೇ, ಎಂದಿನಿಂದ. ಆತ ನನ್ನನ್ನು ಸರ್ವೆ ಇಲಾಖೆಯವನೆಂದು ತಿಳಿದು ಎಳನೀರು ಕೊಟ್ಟ. ರಂಗಸಾಮಿ ಲಂಗೋಟಿಯಲ್ಲಿ ನಿಂತು, ನೀರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನನ್ನ ಕಡೆ ಒಮ್ಮೆ ನೋಡಿ, ಧುಮುಕಿದ.

ನೀರು ಮುಚ್ಚಿಕೊಂಡಿತು. ನಾನು ಕಟ್ಟೆಯ ಅಂಚಿಗೆ ಬಗ್ಗಿ ಮನಸ್ಸಿನಲ್ಲೇ ಎಣಿಸತೊಡಗಿದೆ. ಹತ್ತು. ಇಪ್ಪತ್ತು. ನಲವತ್ತಕ್ಕೆ ಒಂದು ಗುಳ್ಳೆ ಬಂತು. ಅರವತ್ತಕ್ಕೆ ನನ್ನ ಕಿವಿಯಲ್ಲಿ ಝೇಂಕಾರ ಶುರುವಾಯಿತು. ಎಪ್ಪತ್ತಕ್ಕೆ ಬಾವಿಯ ನಾಲ್ಕು ಗೋಡೆಗಳೂ ನಿಧಾನವಾಗಿ ತಿರುಗಿದವು. ಎಪ್ಪತ್ತೆಂಟಕ್ಕೆ ರಂಗಸಾಮಿಯ ತಲೆ ನ್ಯಾಯವಾದ ಜಾಗದಲ್ಲಿ ಎದ್ದಿತು. ಕೈಯಲ್ಲಿ ಒಂದು ಹಳೆಯ ಗೋಣಿಚೀಲದ ಚಿಂದಿ. ಅವನು ಮುಖದ ನೀರು ಒರೆಸಿಕೊಂಡು, ಕಟ್ಟೆಯ ಮೇಲಿದ್ದ ನನ್ನನ್ನು ನೋಡಿ ಗಾಬರಿಯಾದ.

'ಸಾರ್! ಮೂಚ್ಚು ಬಿಡಿ ಸಾರ್! ನೀವ್ಯಾಕೆ ಹಿಡ್ಕೊಂಡಿದೀರಿ?'

ಆಗಲೇ ನನಗೆ ತಿಳಿದದ್ದು. ಅವನು ಧುಮುಕಿದಾಗ ನಾನು ಎಳೆದ ಉಸಿರನ್ನು ಒಣನೆಲದ ಮೇಲೆ, ಎಳನೀರಿನ ಬುರುಡೆ ಹಿಡಿದುಕೊಂಡು, ಇನ್ನೂ ಬಿಟ್ಟಿರಲಿಲ್ಲ. ಬಿಟ್ಟೆ. ಆ ಉಸಿರು ಎಷ್ಟು ಉದ್ದವಾಗಿತ್ತೆಂದರೆ ಒಂದೂವರೆ ತಿಂಗಳಿನದೆಲ್ಲ ಅದರೊಂದಿಗೇ ಹೊರಟಂತಾಯಿತು. ರಂಗಸಾಮಿ ಮೆಟ್ಟಿಲೇರಿ ಬಂದು, ತನ್ನ ಒದ್ದೆ ಕೈಯಿಂದ ನನ್ನ ಬೆನ್ನು ತಟ್ಟುತ್ತ, ಬಾವಿಯ ಯಜಮಾನನಿಗೆ ಪರಿಚಯ ಮಾಡಿಕೊಟ್ಟ: 'ನಮ್ಮ ಜೊತೆಗಾರ್ರು. ಭಯ ಜಾಸ್ತಿ. ಅದಕ್ಕೇ ಕರ್ಕೊಂಡು ಬತ್ತೀನಿ.'

ಆ ಗುರುವಾರ ಸಂಜೆ ಏಳಕ್ಕೆ ಮನೆಗೆ ಬಂದು, ಊಟ ಮಾಡಿ, ಗೋಡೆಗೊರಗಿದ್ದಷ್ಟೇ ನೆನಪು. ಶುಕ್ರವಾರ ಬಿಸಿಲು ಮುಖಕ್ಕೆ ಬಿದ್ದು ಕಣ್ಣು ತೆರೆದಾಗ ಸರೋಜ ನನ್ನ ಮೂಗಿನ ಮುಂದೆ ಬೆರಳು ಹಿಡಿದು ಕುಳಿತಿದ್ದಳು. ರಾತ್ರಿಯಿಡೀ ಊದಲಿಲ್ಲ, ಹೊರಳಲಿಲ್ಲ, ಸದ್ದೇ ಇಲ್ಲ, ಆದ್ದರಿಂದ ಅವಳಿಗೆ ಒಂದು ಕ್ಷಣವೂ ನಿದ್ದೆ ಬಂದಿರಲಿಲ್ಲ.